ಉಗುರುಸುತ್ತು

ಶೆಟ್ಲಿಯ ನೆತ್ತಿಯ ಮುಳ್ಳು, ಗರಗಸದಂಥದ್ದು,
ಸೋಮವಾರ ಬಲಗೈ ತೋರುಬೆರಳಿಗೆ ಹೊಕ್ಕಿತು.
ಕಿತ್ತು ಎಸೆದೆ. ಇನ್ನೂ ಎಂಟು ಕಿಲೋ ಸುಲಿಯುವುದಿತ್ತು.
ಬುಧವಾರಕ್ಕೆ ಉಗುರಿನ ಬುಡ ಕೆಂಪಾಗಿ
ರಾತ್ರಿಯಿಡೀ ಬೆರಳಿನೊಳಗೆ ಯಾರೋ ಒನಕೆ ಹಾಕುತ್ತಿದ್ದರು.

ಉಗುರುಸುತ್ತು, ಎಂದಳು ಅತ್ತೆ.
ನಿಂಬೆಹಣ್ಣಿಗೆ ತೂತು ಕೊರೆದು, ಅರಿಶಿನ ತುಂಬಿ,
ಟೊಪ್ಪಿಯ ಹಾಗೆ ಬೆರಳಿಗೆ ತೊಡಿಸಿದಳು.
ನಿಂಬೆ ತೊಟ್ಟುಕೊಂಡು ಕಾಯಿ ಹಿಂಡುವುದು ಹೇಗೆ?
ಕೋಡಿಬಾಗದ ಖಾನಾವಳಿಯ ಹಿಂಬಾಗಿಲಲ್ಲಿ
ಅದನ್ನು ಕಳಚಿ ಕಿಟಕಿಯ ಮೇಲಿಟ್ಟು ಒಳಗೆ ಹೋದೆ.
ಕೂತ ದಿನಕ್ಕೆ ಕೂಲಿಯಿಲ್ಲ.

ನನಗೆ ಗೊತ್ತಿದ್ದ ಮಡಿ ಬೇರೆ.
ಸೌಟು ನೆಕ್ಕಬಾರದು, ರುಚಿ ಬೇಕಾದರೆ ಅಂಗೈಗೆ ಬಿಟ್ಟುಕೋ.
ಎಡಗೈಯಲ್ಲಿ ಬಡಿಸಬಾರದು.
ಮುಟ್ಟಾದರೆ ಉಪ್ಪಿನಕಾಯಿ ಭರಣಿಯ ಹತ್ತಿರ ಸುಳಿಯಬಾರದು.
ಒಂದನ್ನೂ ತಪ್ಪಿಸಿದವಳಲ್ಲ ನಾನು.
ಕೀವಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ
ಹನ್ನೆರಡು ಕಾಯಿ ತುರಿದು ರುಬ್ಬಿ ಹಾಲು ಹಿಂಡಿದೆ,
ಬಲಗೈಯಲ್ಲೇ. ಎಡಗೈಗೆ ಆ ಕಸುವಿಲ್ಲ.
ಹಿಂಡುತ್ತ ಹಿಂಡುತ್ತ ಏನೋ ಒಡೆದ ಹಾಗಾಯಿತು,
ಮೂರು ದಿನದ ನೋವು ಒಮ್ಮೆಲೇ ಇಳಿದು
ಹಾ, ಎಂದು ಬಾಯಿ ಬಿಟ್ಟೆ, ಸುಖಕ್ಕೆ.
ಪಾತ್ರೆಗೆ ಬಗ್ಗಿ ನೋಡಿದೆ.
ಬಿಳಿಯಲ್ಲಿ ಬಿಳಿ ಏನು ಕಂಡೀತು.

ಕರೆಂಟಿರಲಿಲ್ಲ. ಫ್ರಿಜ್ಜು ಬೆವರುತ್ತ ನಿಂತಿತ್ತು.
ಹನ್ನೆರಡಕ್ಕೆ ಮುರುಗಲ ನೀರು, ಜಜ್ಜಿದ ಬೆಳ್ಳುಳ್ಳಿ ಬಿದ್ದು
ಸೋಲ್ ಕಡಿ ಎಂದಿನ ಗುಲಾಬಿಗೆ ತಿರುಗಿತು.
ಇನ್ನೊಂದು ಲೋಟ ಕೇಳಿ ಕುಡಿದವರಿದ್ದರು.

ಮೂರೂವರೆಗೆ, ಹಾರವಾಡ ದಾಟುವಾಗ,
ಕುಮಟಾ ಬಸ್ಸಿನ ಕಂಡಕ್ಟರು ಸೀಟಿ ಊದುವುದಕ್ಕೂ ಆಗದೆ
ಬಾಗಿಲಿಗೆ ಜೋತು ಕಾರಿಕೊಂಡನಂತೆ,
ಟಿಕೆಟ್ ಮಷೀನು ಕೊರಳಲ್ಲೇ ತೂಗಾಡುತ್ತ.
ಆಮೇಲೆ ಅರಗಾದ ವೆಲ್ಡರುಗಳಿಬ್ಬರು. ಒಂದು ಲಾರಿಯ ಕ್ಲೀನರು.
ಸಂಜೆಗೆ ಹನ್ನೊಂದು ಜನ. ಯಾರೂ ಸಾಯಲಿಲ್ಲ.
ಇದನ್ನು ಇನ್ನೊಮ್ಮೆ ಹೇಳಿಕೊಳ್ಳುತ್ತೇನೆ: ಯಾರೂ ಸಾಯಲಿಲ್ಲ.

ಮಾಜಾಳಿಕರ ಮಾಮ ಬೈತಖೋಲದ ಬಂದರಿಗೇ ಹೋಗಿ
ಮೀನು ಕೊಟ್ಟ ಚಂದ್ರಭಾಗಿಯನ್ನು ಬೈದು ಬಂದ.
ಬಂಗಡೆ ಇನ್ನೂ ಬಾಲ ಬಡಿಯುತ್ತಿತ್ತು ಎಂದು
ಅವಳು ಬುಟ್ಟಿ ಮುಟ್ಟಿ ಆಣೆ ಹಾಕಿದಳಂತೆ.
ಅವನು ಹೇಳುವಾಗ ನನ್ನ ಬೆರಳು ಸೆರಗಿನೊಳಗಿತ್ತು.

ಆಸ್ಪತ್ರೆಯ ಲ್ಯಾಬಿನ ನಾಝನೀನ್ ಬಂದು
ಹತ್ತಿಕಡ್ಡಿಯಲ್ಲಿ ಎಲ್ಲರ ಕೈ ಒರೆಸಿಕೊಂಡು ಹೋದಳು.
ನಾಲ್ಕನೆಯ ದಿನ ಕರೆಸಿ, ಬಾ ಶಾಂತೇರಿ, ಇಲ್ಲಿ ಕಣ್ಣಿಡು, ಎಂದಳು.
ನೇರಳೆ ದ್ರಾಕ್ಷಿ. ಗೊಂಚಲು ಗೊಂಚಲು.
ಯಾವ ತೋಟದ್ದು ಎಂದು ಕೇಳುವಷ್ಟು ಚೆಂದ.
ನಿನ್ನ ಬೆರಳಿನದು.
ಕುದಿಸಿದರೆ ಇವು ಸಾಯುತ್ತವೆ, ಇವು ಉಗುಳಿಟ್ಟ ವಿಷ ಸಾಯುವುದಿಲ್ಲ.
ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ.
ಅವಳು ಕೈ ಹಿಡಿದು ತಿರುಗಿಸಿ ನೋಡಿ
ಡಾಕ್ಟರು ಮಾತ್ರೆ ಕೊಟ್ಟರೇನೇ? ಎಂದಳು.
ಇಷ್ಟು ದಿನದಲ್ಲಿ ಬೆರಳಿನ ಯೋಗಕ್ಷೇಮ ಕೇಳಿದವಳು ಅವಳೊಬ್ಬಳೇ.

ಅಲ್ಲಿಂದ ನೆಟ್ಟಗೆ ಬಂದರಿಗೆ ನಡೆದೆ.
ಮೀನಲ್ಲ ಚಂದ್ರಭಾಗಿ, ನಾನು, ಎಂದು ಬೆರಳು ಚಾಚಿದೆ.
ಅವಳು ಕತ್ತಿ ಕೆಳಗಿಟ್ಟು ತನ್ನ ಹತ್ತನ್ನೂ ಬಿಡಿಸಿದಳು.
ಹೊಸ ಗಾಯ, ಹಳೆ ಗಾಯ, ಉಗುರೇ ಇಲ್ಲದ್ದು ಒಂದು.
ಇದರಲ್ಲಿ ಯಾವುದಕ್ಕೆ ರಜೆ ಕೊಡಲಿ ಹೇಳು?
ನಗುತ್ತಿದ್ದಾಳೋ ಸಿಟ್ಟೋ, ಗೊತ್ತಾಗಲಿಲ್ಲ.

ಹೊಸ ಉಗುರು ಬರುವವರೆಗೆ ಬರಬೇಡ, ಎಂದ ಮಾಮ.
ಕೂಲಿಯ ಮಾತು ಅವನೂ ಎತ್ತಲಿಲ್ಲ, ನಾನೂ.

ರಾತ್ರಿ ಮಗಳಿಗೆ ಎಡಗೈಯಲ್ಲಿ ತುತ್ತು ಕೊಟ್ಟೆ.
ಅತ್ತೆ ಬಾಯಿ ತೆರೆದವಳು ಹಾಗೇ ಮುಚ್ಚಿದಳು.
ಮಗು ಯಾವ ಕೈ ಎಂದು ನೋಡಲಿಲ್ಲ.
ಮುಳ್ಳು ತೆಗೆದಿದ್ದೀಯಾ, ಎಂದಷ್ಟೇ ಕೇಳಿತು.