ಬಹುದು

ಪ್ರಬಂಧದ ಕೊನೆಗೆ ಒಂದು ಪುಟ
ಕನ್ನಡದ ಸಾರಾಂಶ ಇರಲೇಬೇಕು. ನಿಯಮ.
ಇನ್ನೂರ ಹನ್ನೆರಡು ಪುಟ ಇಂಗ್ಲಿಷಿನಲ್ಲಿ ಸಲೀಸಾಗಿ ಬರೆದವಳು
ಆ ಒಂದಕ್ಕೆ ಮೂರು ರಾತ್ರಿ ಕೂತೆ.

'ಮೆಂತ್ಯದ ಸಾಪೋನಿನ್ ಇಲಿಗಳಲ್ಲಿ
ಕೊಲೆಸ್ಟರಾಲ್ ತಗ್ಗಿಸುತ್ತದೆ' ಎಂದಿದ್ದೆ.
ಗೈಡ್ ಕೆಂಪು ಶಾಯಿಯಲ್ಲಿ ಬಾಲ ಕತ್ತರಿಸಿ
ಮೇಲೆ ಪುಟ್ಟದಾಗಿ ಬರೆದರು:
'ತಗ್ಗಿಸಬಹುದು'.

ಹೆಬ್ಬಾಳದ ಪ್ರಾಣಿಮನೆ.
ಹೊರಗೆ ಫ್ಲೈಓವರಿನ ಗುಂಯ್,
ಒಳಗೆ ಹಳೇ ಎಕ್ಸಾಸ್ಟ್ ಫ್ಯಾನು, ಭತ್ತದ ಹೊಟ್ಟಿನ ವಾಸನೆ,
ಆರರಂತೆ ನಾಲ್ಕು ಗುಂಪು ಬಿಳಿ ಇಲಿ.
ತಲೆಗೆ, ಬೆನ್ನಿಗೆ, ಬಾಲಕ್ಕೆ ಹಳದಿ ಬೊಟ್ಟು,
ಅಷ್ಟೇ ಅವುಗಳ ಹೆಸರು.

ಎಂಟು ವಾರ ವನಸ್ಪತಿ ತಿನ್ನಿಸಿದೆ,
ಬೀಗರೂಟದಲ್ಲಿ ಬಡಿಸುವವರ ಹಟದಲ್ಲಿ.
ರಕ್ತ ತೆಗೆದು ತಿರುಗಿಸಿದರೆ
ಸೀರಮ್ಮು ಮಜ್ಜಿಗೆನೀರಿನ ಹಾಗೆ ಮಬ್ಬು.

ಯಶವಂತಪುರದ ಮಂಡಿಯಿಂದ ಮೆಂತ್ಯ ತಂದವನು
ಅಟೆಂಡರ್ ಮುನಿವೆಂಕಟಪ್ಪ.
ಸಾರ ತುಂಬಿದ ಸೀಸೆ ಕುಲುಕಿ, ನೊರೆ ನೋಡಿ,
'ಇದು ಅಂಟುವಾಳದ ಪೈಕಿ' ಎಂದ.
ಸರಿಯೇ.
ನಾನು ಆರು ಪುಟದಲ್ಲಿ ಹೇಳಿದ್ದು ಅದನ್ನೇ.

ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ. ಹೇಳಿದೆ:
ಕರುಳಲ್ಲಿ ಪಿತ್ತದ ಕೈ ಹಿಡಿದು
ಹೊರಕ್ಕೆ ಕರೆದೊಯ್ಯುತ್ತದೆ.
ಪಿತ್ತ ಸಾಲದೆ ಹೋದ ಯಕೃತ್ತು
ಹೊಸದು ಮಾಡಲು
ರಕ್ತದಲ್ಲಿದ್ದ ಕೊಬ್ಬನ್ನೇ ಎಳೆದುಕೊಳ್ಳುತ್ತದೆ.
'ಸಾಲಕ್ಕೆ ಮೈಮೇಲಿನ ಚಿನ್ನ ಬಿಚ್ಚಿದ ಹಾಗೆ.'
ಹೂಂ, ಹಾಗೇ.

ಎದೆಯಲ್ಲಿ ಸ್ಟೆಂಟ್ ಇರುವ ಮನುಷ್ಯ.
'ಹಂಗಾದ್ರೆ ನನ್ ಮಾತ್ರೆ ಬಿಡ್ಲಾ ಮೇಡಂ?'
ಖಂಡಿತ ಬಿಡಬೇಡಿ, ಇದು ಇಲಿಗಳ ಮಾತು.
'ಮತ್ಯಾಕೆ ಈ ಮೂಕಪ್ರಾಣಿಗೆ ಇಷ್ಟೊಂದು ಕಹಿ?'
ನಾನು ತಕ್ಕಡಿಯ ಸೊನ್ನೆ ಸರಿಮಾಡುತ್ತಿದ್ದೆ,
ಅದು ಆಗಲೇ ಸರಿಯಾಗಿತ್ತು.

ಆ ದಿನಗಳಲ್ಲಿ ನನ್ನ ಬೆವರಿಗೂ ಮೆಂತ್ಯ.
ಯಲಹಂಕದ ಬಸ್ಸಿನಲ್ಲಿ ಪಕ್ಕದವಳು ಮೂಗು ಮುಚ್ಚಿ
ಮುಂದಿನ ಸೀಟಿಗೆ ಹೋದಳು.
ಮೂರನೇ ಗುಂಪಿನ ಬೆನ್ನುಬೊಟ್ಟು ಮಾತ್ರ
ನನ್ನ ಗ್ಲೌಸು ಮೂಸಿ ಮೂಸಿ
ಅಂಗೈಯಲ್ಲಿ ಸುಮ್ಮನೆ ಕೂರುತ್ತಿತ್ತು.

ಕೊನೆಯ ಬೆಳಗ್ಗೆ
ಮಹಾಧಮನಿ ಸೀಳಿ, ಬಣ್ಣ ಹಾಕಿ ನೋಡಿದೆ.
ಆರರಲ್ಲಿ ಐದು
ಆಗಷ್ಟೇ ತೊಳೆದ ಲೋಟದ ಒಳಮೈ.
ಇನ್ನೊಂದರಲ್ಲಿ ಕೆಂಪು ಗೆರೆ ಹಾಗೇ ಇತ್ತು,
ಮೆಂತ್ಯ ಅಲ್ಲಿಗೆ ಬಂದೇ ಇಲ್ಲವೇನೋ ಎಂಬಂತೆ.
ಅದೇ ಕಾಳು, ಅದೇ ಅಳತೆ, ಅದೇ ಕೈ.

ಬೈಂಡಾಗಿ ಬಂದ ಪ್ರತಿ ಮುನಿವೆಂಕಟಪ್ಪನಿಗೆ ಕೊಟ್ಟೆ.
ದಪ್ಪ ಹಾಳೆಗಳನ್ನೆಲ್ಲ ಒಟ್ಟಿಗೆ ಮಗುಚಿ
ತನಗೆ ಓದಲು ಬರುವ ಪುಟಕ್ಕೆ ಬಂದು
ಅಕ್ಷರದ ಕೆಳಗೆ ಬೆರಳಿಟ್ಟು ಜೋರಾಗಿ ಓದಿದ.
ಕೊನೆಯ ಪದದಲ್ಲಿ ನಿಂತ.
'ಬಹುದು ಅಂದ್ರೆ?
ಈ ಬಹುದು ಒಳಗೆ ಯಾವ್ದಿದೆ?'

ಬೆನ್ನಿಗೆ ಬೊಟ್ಟಿತ್ತಲ್ಲ, ಅದು.

'ಗೊತ್ತಾಯ್ತು' ಅಂದ.
ಪುಸ್ತಕ ಮುಚ್ಚಿ ಬಲ್ಬಿನ ಕೆಳಗಿನ ಮೇಜಿನ ಮೇಲಿಟ್ಟು,
ಪಂಚೆ ಎತ್ತಿ ಕಟ್ಟಿ,
ಖಾಲಿ ಪಂಜರಗಳನ್ನು ತೊಳೆಯಲು ನಲ್ಲಿ ತಿರುಗಿಸಿದ.