ಕನಸು ಬೀಳದ ಹಂದಿ

ಇಗ್ನಾತ್ ಸಂತನ ದಿನ ಡಿಸೆಂಬರ್ ಇಪ್ಪತ್ತು.
ಅದರ ಹಿಂದಿನ ರಾತ್ರಿ
ಹಂದಿಗೆ ಚೂರಿಯ ಕನಸು ಬೀಳುತ್ತದಂತೆ.
ಡ್ಯಾನ್ಯೂಬ್ ನದಿ ಕಡಲು ಸೇರುವ ಮುನ್ನ
ಕವಲು ಕವಲಾಗಿ ದಾರಿ ಮರೆಯುವ
ಈ ಜೊಂಡಿನ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು.
ಆ ಸಂಜೆ ಅದು ಕಲಗಚ್ಚಿಗೆ ಮೂತಿ ಇಡುವುದಿಲ್ಲ,
ಹುಲ್ಲನ್ನು ಮೂಲೆಗೆ ಒಟ್ಟಿಕೊಂಡು
ಗೋಡೆಗೆ ಮುಖ ಮಾಡಿ ಮಲಗುತ್ತದೆ.

ಪರಸ್ಕೀವಾಳ ಹಂದಿ ಆಗಸ್ಟ್ ಹನ್ನೊಂದಕ್ಕೇ
ಕಲಗಚ್ಚು ಬಿಟ್ಟಿತು.
"ಇನ್ನೂ ನಾಲ್ಕು ತಿಂಗಳಿದೆಯಲ್ಲೋ,
ಈಗಲೇ ಎಂಥ ಕನಸು ನಿನಗೆ?"
ಬೈಯುತ್ತ ಕಿವಿ ಮುಟ್ಟಿ ನೋಡಿದಳು.
ಒಲೆಯಿಂದ ಈಗಷ್ಟೇ ಇಳಿಸಿದ ಕಾವಲಿ.
ಕಿವಿಯಂಚಿಗೆ
ಹಿಪ್ಪುನೇರಳೆ ತಿಂದ ನಾಲಗೆಯ ಬಣ್ಣ.

ನಾನು ಹೋದದ್ದು ಎಂಟು ದಿನ ಕಳೆದು, ದೋಣಿಯಲ್ಲಿ.
ಸುಣ್ಣದ ಚೀಲ, ವಿದ್ಯುತ್ತಿನ ಇಕ್ಕಳ,
ಮೂವರಿಗೆ ಮೂರು ಬಿಳಿ ಉಡುಪು.
ರಕ್ತದ ಸೀಸೆ ತುಲ್ಚಾಕ್ಕೆ, ಅಲ್ಲಿಂದ ರಾಜಧಾನಿಗೆ ಹೋಗಿ
ಎರಡು ಅಕ್ಷರವಾಗಿ ಹಿಂದಿರುಗಿತ್ತು:
ಇದೆ.
ಊರಲ್ಲಿ ಅರವತ್ತೆರಡು ಹಂದಿ.
ಜ್ವರ ಬಂದದ್ದು ಒಂದಕ್ಕೆ,
ಆದೇಶ ಬಂದದ್ದು ಎಲ್ಲಕ್ಕೂ.

ಇಷ್ಟು ದೂರ ಹೇಗೆ ಬಂತೆಂದು ಕೇಳಿದರು.
ನಾನು ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದೆ:
ಆಫ್ರಿಕದ ಬಯಲಲ್ಲಿ ಅದಕ್ಕೊಂದು ಸಂಸಾರವಿತ್ತು.
ನೆಲದ ಬಿಲದಲ್ಲಿ ಉಣ್ಣೆ, ಉಣ್ಣೆಯ ಹೊಟ್ಟೆಯಲ್ಲಿ ಅದು,
ಆಗೀಗ ಅಲ್ಲಿಯ ಕಾಡುಹಂದಿ ಮರಿಯ ನೆತ್ತರಲ್ಲಿ
ನಾಲ್ಕು ದಿನದ ನೆಂಟಸ್ತಿಕೆ.
ಯಾರೂ ಸಾಯುತ್ತಿರಲಿಲ್ಲ.
ಆಮೇಲೆ ಹಡಗಿನ ಅಡುಗೆಮನೆಯ ಎಂಜಲು,
ಲಾರಿಯವನೊಬ್ಬ ಕಿಟಕಿಯಿಂದ ಎಸೆದ ಅರ್ಧ ಬ್ರೆಡ್ಡು,
ಅದರೊಳಗೊಂದು ತೆಳು ಹೋಳು.
ಉಪ್ಪಿಗೆ ಹೆದರದು. ಹೊಗೆಗೆ ಹೆದರದು.
ಮಂಜುಗಡ್ಡೆಯಲ್ಲಿಟ್ಟರೆ ಮಲಗಿ ಏಳುತ್ತದೆ.

"ಮನುಷ್ಯರಿಗೆ?" ಅಂದ ನಿಕಿಫೋರ್.
ಮನುಷ್ಯರಿಗೆ ಏನೂ ಆಗುವುದಿಲ್ಲ, ಅಂದೆ.
ಅವನು ಬಹಳ ಹೊತ್ತು
ನನ್ನ ಮುಖವನ್ನೇ ನೋಡಿದ.

ಫಾರಂ ತುಂಬಿದೆ: ತೂಕ, ವಯಸ್ಸು,
ಕಿವಿಯ ಓಲೆಯ ಸಂಖ್ಯೆ.
ಹೆಸರಿನ ಕಾಲಂ ಇರಲಿಲ್ಲ, ಆದರೂ ಕೇಳಿದೆ.
"ಹೆಸರಿಟ್ಟರೆ ಉಣ್ಣುವುದು ಹೇಗೆ?" ಅಂದಳು.
ಹಿಂದಿನ ಚಳಿಗಾಲದ ಸಾಸೇಜು ಉಳಿದಿದ್ದರೆ
ಅದನ್ನೂ ಗುಂಡಿಗೆ ಹಾಕಬೇಕಮ್ಮ.
ಅಟ್ಟಕ್ಕೆ ಹತ್ತಿ ಇಳಿದಳು,
ಕೈಯಲ್ಲಿ ಗೇಣುದ್ದದ ಹುರಿ.
ಮೂಸಿ ನೋಡಿ ಕೊಟ್ಟಳು.

ಹಂದಿ ಕೊಯ್ದವರಿಗೆ, ಕೈಜೋಡಿಸಿದವರಿಗೆ
ಆ ದಿನವೇ ಬಾಣಲೆಯಿಂದ ಮೊದಲ ತುತ್ತು ಬಡಿಸುವುದು
ಇಲ್ಲಿಯ ರೂಢಿ. ಹಂದಿಯ ತಿಥಿ ಅನ್ನುತ್ತಾರೆ.
ಉಣ್ಣದೆ ಎದ್ದರೆ ಅದರ ಋಣ ಹಾಗೇ ಉಳಿಯುತ್ತದೆ.

ಗುಂಡಿ ಮುಚ್ಚಿ, ಸುಣ್ಣ ಎರಚಿ ತಿರುಗಿದರೆ
ಅಂಗಳದಲ್ಲಿ ಮೇಜು.
ಮೂರು ತಟ್ಟೆ, ಮೂರು ಚಮಚ,
ಮೀನಿನ ಸಾರಿನ ಹಬೆ.
ಹಂದಿಯಿಲ್ಲದ ಹಂದಿಯ ತಿಥಿ.

ನಿಯಮವಿದೆ: ಸೋಂಕಿನ ಅಂಗಳದಲ್ಲಿ
ಮುಖದ ಬಟ್ಟೆ ತೆಗೆಯುವಂತಿಲ್ಲ,
ತುತ್ತು ಮುಟ್ಟುವಂತಿಲ್ಲ.
ಬಿಳಿ ಉಡುಪಿನ ಮೂವರು ನಿಂತೇ ಇದ್ದೆವು,
ಕರೆಯದೆ ಬಂದ ನೆಂಟರ ಹಾಗೆ.
ಅವಳು ಕೂರಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ.
ಸಾರಿನ ಮೇಲೆ ಕೆನೆಗಟ್ಟುವವರೆಗೂ
ಸೆರಗಿಲ್ಲದ ತಲೆಯಲ್ಲಿ ಬಿಸಿಲಿಗೆ ನಿಂತಿದ್ದಳು.
ಆಚೆಯ ಜೊಂಡಿನಲ್ಲಿ
ಯಾವುದೋ ಕಾಡುಹಂದಿ ನೀರು ಕಲಕುವ ಸದ್ದು.
ಅದಕ್ಕೆ ಓಲೆಯಿಲ್ಲ, ಫಾರಂ ಇಲ್ಲ.

ಡಿಸೆಂಬರ್ ಹತ್ತೊಂಬತ್ತರ ರಾತ್ರಿ
ತುಲ್ಚಾದ ಬಾಡಿಗೆ ಕೋಣೆಯಲ್ಲಿ
ನಾನು ನಿದ್ದೆ ಮಾಡಲಿಲ್ಲ.
ಬೇಕೆಂದೇ.
ದೀಪ ಹಚ್ಚಿಟ್ಟು
ತೊಳೆದ ಬೂಟುಗಳನ್ನೇ
ಮತ್ತೆ ತೊಳೆದೆ.