ಚೆಲ್ಲಿದ ಮಧ್ಯಾಹ್ನ

ಸಾಂತಿಯಾಗೊದ ಏಳನೇ ಮಹಡಿಯಲ್ಲಿ ನನ್ನ ಕುರ್ಚಿ.
ಇನ್ನೂ ಹುಟ್ಟದ ಒಂದು ಸಂಜೆಗೆ,
ಎರಡು ಸಾವಿರದ ನಲವತ್ತರ ಜುಲೈ ಸಂಜೆಗೆ
ಎಷ್ಟು ದೀಪ ಬೇಕೆಂದು ಲೆಕ್ಕ ಹಾಕುವುದು ಕೆಲಸ.
ಚಳಿ ಎಷ್ಟಿರುತ್ತದೋ, ಗಾಳಿ ಅವತ್ತು
ಬರುತ್ತದೋ, ಮುನಿಸಿಕೊಳ್ಳುತ್ತದೋ.
ಆರು ಭವಿಷ್ಯ ಬರೆದಿಟ್ಟಿದ್ದೇನೆ,
ಒಂದರ ಜಾತಕ ಇನ್ನೊಂದಕ್ಕೆ ಕೂಡುವುದಿಲ್ಲ.

ಉತ್ತರಕ್ಕೆ ಅಟಕಾಮಾ. ಮೋಡಕ್ಕೆ ಅಲ್ಲಿಯ ದಾರಿ ಗೊತ್ತಿಲ್ಲ.
ಫಲಕಗಳು ಹಗಲಿಡೀ ಬಿಸಿಲು ಹಿಂಡುತ್ತವೆ,
ಹಿಂಡಿದ್ದು ಇಳಿದು ಬರಲು ಸಾಲದು ತಂತಿ,
ಹನ್ನೊಂದಕ್ಕೇ ತುಂಬಿ ಬಿಗಿಯುತ್ತದೆ.
ಕೆಳಮಹಡಿಯವರು ಫೋನೆತ್ತಿ ಹೇಳುತ್ತಾರೆ:
ಮಿಕ್ಕದ್ದು ಚೆಲ್ಲಿ.
ಹೌದು, ನಾವು ಕರೆಯುವುದೇ ಹಾಗೆ,
ಹಾಲು ಚೆಲ್ಲಿದ ಹಾಗೆ.
ಕೈಗೆ ಬಂದ ತುತ್ತು.
ಸಂಜೆ ಏಳಕ್ಕೆ ಅದೇ ನಾವು
ಕಲ್ಲಿದ್ದಲಿನವನ ಬಾಗಿಲು ತಟ್ಟುತ್ತೇವೆ.

ಹಾಗಾಗಿ ಹೊಸ ಗೆರೆ ಎಳೆದೆ, ನಕ್ಷೆಯ ಮೇಲೆ, ಒಂದೂವರೆ ಗೇಣು.
ಬಿಸಿಲಿಗೆ ಅವಸರ, ತಂತಿಗೆ ವ್ಯಾಜ್ಯ.
ಗೆರೆಯ ಆರುನೂರ ಹನ್ನೆರಡನೇ ಗೋಪುರ
ಬಿದ್ದದ್ದು ಎಡುವಿನಾ ಬೊರ್ಡೋನೆಸಳ ಮೇಕೆದೊಡ್ಡಿಯ ನಡುವೆ.

ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆವು, ಮೂವರು, ಕಡತ ಹಿಡಿದು.
ಅವಳು ಮಧ್ಯಾಹ್ನ ಕಾಯಿಸಿದ ನೀರನ್ನು
ಥರ್ಮಾಸಿಗೆ ತುಂಬಿ ಮುಚ್ಚಳ ಬಿಗಿಯುತ್ತಿದ್ದಳು.
ರಾತ್ರಿಗೆ ಬೇಕಲ್ಲ, ಎಂದಳು.
ಆಮೇಲೆ ಕೇಳಿದಳು:
ಇದರಿಂದ ಒಂದು ಬಲ್ಬಿಗಾಗುವಷ್ಟು ಇಳಿಸಿಕೊಡ್ತೀರಾ?
ಐನೂರು ಕಿಲೋವೋಲ್ಟು ತಾಯೀ, ಎಂದೆ,
ಇಳಿಸಲು ಸಬ್‌ಸ್ಟೇಷನ್ ಬೇಕು,
ಅದರ ಖರ್ಚು—
ಓ, ಎಕ್ಸ್‌ಪ್ರೆಸ್ ಬಸ್ಸು, ಎಂದಳು. ನಡುವೆ ನಿಲ್ಲಲ್ಲ.
ನಕ್ಕಳು. ಮೂವರಲ್ಲಿ ಒಬ್ಬ ಮಾತ್ರ ನಕ್ಕ, ನಾನಲ್ಲ.

ಹಿಂದಿರುಗಿ ಹಾಳೆ ತೆರೆದೆ.
ಅದರಲ್ಲೊಂದು ಕಾಲಂ: ಪೂರೈಸಲಾಗದ ವಿದ್ಯುತ್ತು.
ರಾಜಧಾನಿ ಒಂದು ನಿಮಿಷ ಕತ್ತಲಾದರೂ
ಅಲ್ಲಿ ದಂಡ ಬೀಳುತ್ತದೆ, ಯೂನಿಟ್ಟಿಗೆ ಇಷ್ಟೆಂದು.
ಎಡುವಿನಾಳ ಅರವತ್ತೆಂಟು ವರ್ಷದ ಕತ್ತಲನ್ನು ಹುಡುಕಿದೆ.
ಸೊನ್ನೆ.
ತಪ್ಪಿಲ್ಲ, ಸೂತ್ರ ಸರಿಯಾಗಿಯೇ ಇದೆ:
ತಂತಿ ಇದ್ದವರದ್ದೇ ಬೇಡಿಕೆ,
ಬೇಡಿಕೆ ಇದ್ದರೇ ಕೊರತೆ.

ಗೋಪುರವನ್ನು ನಲವತ್ತು ಮೀಟರು ಪೂರ್ವಕ್ಕೆ ಸರಿಸಿದೆ.
ನನ್ನ ಕೈಲಿದ್ದದ್ದು ಅಷ್ಟು.
ಅವಳ ಸೂರಿಗೊಂದು ಫಲಕ, ಒಂದು ಬ್ಯಾಟರಿ ಎಂದು
ಬರೆದ ಕಾಗದಕ್ಕೆ ಉತ್ತರ ಬಂದಿದೆ:
ಅದು ನಿಮ್ಮ ವಿಭಾಗವಲ್ಲ.
ಮತ್ತೆ ಬರೆದಿದ್ದೇನೆ.

ಇವತ್ತೂ ಹನ್ನೊಂದಕ್ಕೆ ಕೆಳಗಿನಿಂದ ಆ ಮಾತು ಕೇಳಿಸಿತು.
ಚೆಲ್ಲಿ.
ಅಲ್ಲಿ ಈ ಹೊತ್ತಿಗೆ ಒಲೆ ಹಚ್ಚಿರುತ್ತಾಳೆ,
ನೀರು ಕಾಯುತ್ತಿರುತ್ತದೆ,
ಮುಚ್ಚಳ ಪಕ್ಕದಲ್ಲೇ ಇರುತ್ತದೆ.